ಸೊನ್ನೆ ಇಲ್ಲದ ಸಂಸಾರ

ನಮ್ಮ ಮೈಕ್ರೋವೇವ್ ಒಲೆಯ ಮೇಲಿನ 2, 5, 8 ಮತ್ತು 0 ಒಂದೇ ಬೆಳಿಗ್ಗೆ ಮುಷ್ಕರ ಹೂಡಿದವು. ಮಿಕ್ಕ ಆರು ಅಂಕಿಗಳು ಮುಟ್ಟಿದರೆ ಸಾಕು, ‘ಪೀಂಕ್’ ಎನ್ನುತ್ತಿದ್ದವು. ಈ ನಾಲ್ಕು ಮಾತ್ರ ಒತ್ತಿದರೂ ಗುದ್ದಿದರೂ ತುಟಿ ಬಿಚ್ಚಲಿಲ್ಲ. ಕಾಲೇಜಿಗೆ ಹೊರಟಿದ್ದ ಹೆಂಡತಿ ಚಪ್ಪಲಿ ಮೆಟ್ಟುತ್ತಲೇ, “ರೀ, ಅದೇನಾಗಿದೆ ಸ್ವಲ್ಪ ನೋಡ್ತೀರಾ?” ಎಂದಳು. ಬ್ಯಾಂಕಿನಿಂದ ನಿವೃತ್ತನಾಗಿ ಮನೆಯಲ್ಲಿ ಕೂತವನಿಗೆ ಇಂಥ ಮಾತು ಹೇಳಬಾರದು. ಅವಳ ‘ಸ್ವಲ್ಪ’ ನನ್ನ ಕಿವಿಗೆ ಬೀಳಲೇ ಇಲ್ಲ.

ಮೊದಲು ಮನೆಮದ್ದು. ಪ್ಲಗ್ ಕಿತ್ತು ಹಾಕಿದೆ. ಒದ್ದೆಬಟ್ಟೆಯಲ್ಲಿ ಒರೆಸಿದೆ, ಒಣಬಟ್ಟೆಯಲ್ಲಿ ಒರೆಸಿದೆ. ಮಕ್ಕಳು ಮುಟ್ಟದ ಹಾಗೆ ಹಾಕುವ ಬೀಗವೇನಾದರೂ ಬಿದ್ದಿರಬಹುದೆಂದು ಸ್ಟಾಪ್ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದೆ. ಬೀಗ ಬಿದ್ದಿರಲಿಲ್ಲ, ಈಗ ಬಿತ್ತು. ಅದನ್ನು ಬಿಡಿಸಿ ಸುಮ್ಮನೆ ದಿಟ್ಟಿಸುತ್ತ ನಿಂತಾಗ ಹೊಳೆಯಿತು: ಸತ್ತ ನಾಲ್ಕೂ ಒಂದರ ಕೆಳಗೊಂದು ನಿಂತಿವೆ!

ಆ ಕ್ಷಣದಲ್ಲಿ ನನಗಾದ ಸಂತೋಷ, ಟ್ರಯಲ್ ಬ್ಯಾಲೆನ್ಸಿನಲ್ಲಿ ತಪ್ಪಿಹೋದ ಪೈಸೆ ಸಿಕ್ಕಿದವನಿಗೆ ಮಾತ್ರ ಗೊತ್ತು. ಗುಂಡಿ ಎಂದು ನಾವು ಕರೆಯುವುದು ಅಲ್ಲಿ ಗುಂಡಿಯೇ ಅಲ್ಲ. ಎರಡು ಪಾಲಿಯೆಸ್ಟರ್ ಹಾಳೆ, ಅವುಗಳ ಮೇಲೆ ಬೆಳ್ಳಿ ಬೆರೆತ ಶಾಯಿಯಲ್ಲಿ ಎಳೆದ ಗೆರೆ, ನಡುವೆ ತೂತುಗಳಿರುವ ಇನ್ನೊಂದು ಹಾಳೆ. ಬೆರಳು ಒತ್ತಿದಾಗ ಮೇಲಿನ ಗೆರೆ ತೂತಿನ ಮೂಲಕ ಕೆಳಗಿನದಕ್ಕೆ ತಾಗುತ್ತದೆ, ಅಷ್ಟೇ. ಒಂದೊಂದು ಅಂಕಿಗೆ ಒಂದೊಂದು ತಂತಿ ಕೊಡುವುದು ದಂಡವೆಂದು ಅಡ್ಡಸಾಲು, ಕಂಬಸಾಲು ಮಾಡಿ ಹಂಚಿರುತ್ತಾರೆ. ಕಂಬಸಾಲಿನ ಗೆರೆ ಬುಡದಲ್ಲಿ ಕಡಿದರೆ ಆ ಸಾಲಿಗೆ ಸಾಲೇ ಮೂಕ. ಗ್ಯಾಸ್ ಒಲೆಯ ಪಕ್ಕದಲ್ಲೇ ಇದನ್ನು ಇಟ್ಟು ವರ್ಷಗಟ್ಟಲೆ ಕುಕ್ಕರಿನ ಹಬೆ, ಒಗ್ಗರಣೆಯ ಜಿಡ್ಡು ಕುಡಿಸಿದ್ದೆವು. ಇಷ್ಟನ್ನೂ ಅಮ್ಮನಿಗೆ ವಿವರಿಸಿದೆ. “ಹಾಲು ಬಿಸಿಯಾಗುತ್ತೋ ಇಲ್ವೋ, ಅದು ಹೇಳು” ಎಂದಳು.

ರಿಪೇರಿಗೆ ಬಂದ ಹುಡುಗ ನಾನು ಒತ್ತಿದ್ದ ಗುಂಡಿಗಳನ್ನೇ ನನ್ನ ಹಾಗೆಯೇ ಹೆಬ್ಬೆರಳಲ್ಲಿ ಒತ್ತಿ, “ಪ್ಯಾನಲ್ ಹೋಗಿದೆ ಸರ್. ಈ ಮಾಡೆಲ್ ನಿಂತೋಯ್ತು. ಎಕ್ಸ್‌ಚೇಂಜಲ್ಲಿ ಹೊಸದು ತಗೊಂಬಿಡಿ” ಎಂದ. ಬಂದುಹೋದದ್ದಕ್ಕೆ ಬಿಲ್ಲು. ಕಂಬಸಾಲಿನ ವಿಷಯ ಎತ್ತಿದೆ. ಅವನು ಫೋನ್ ನೋಡಿಕೊಂಡ. ಅವನನ್ನು ಬೈದು ಫಲವಿಲ್ಲ, ಬಿಚ್ಚುವುದನ್ನು ಅವನಿಗೆ ಯಾರೂ ಕಲಿಸಿಲ್ಲ, ಮಾರುವುದನ್ನು ಕಲಿಸಿದ್ದಾರೆ. ‘ರಿಪೇರಿಯ ಹಕ್ಕು’ ಎಂದು ಕೇಂದ್ರ ಸರ್ಕಾರ 2022ರಲ್ಲಿ ಒಂದು ಪೋರ್ಟಲ್ಲನ್ನೇ ತೆರೆದಿದೆ. ಹಕ್ಕು ದೆಹಲಿಯಲ್ಲಿದೆ, ಪ್ಯಾನಲ್ ಎಲ್ಲೂ ಇಲ್ಲ. ಈ ಒಲೆಯ ಮೂಲಪುರುಷ ಅಮೆರಿಕದ ಪರ್ಸಿ ಸ್ಪೆನ್ಸರ್ ಶಾಲೆಯನ್ನು ಅರ್ಧಕ್ಕೆ ಬಿಟ್ಟವನು. 1945ರಲ್ಲಿ ರೇಡಾರಿನ ಮುಂದೆ ನಿಂತಾಗ ಜೇಬಿನ ಮಿಠಾಯಿ ಕರಗಿದ್ದು ಕಂಡು ಬೆನ್ನುಹತ್ತಿದ. 1947ರ ಮೊದಲ ಒಲೆ 340 ಕೆಜಿ ತೂಗುತ್ತಿತ್ತು. ಅದನ್ನು ಎಕ್ಸ್‌ಚೇಂಜಿಗೆ ಕೊಡಿ ಎಂದಿದ್ದರೆ ಈ ಹುಡುಗನೇ ಹೊರಬೇಕಿತ್ತು.

ಸರಿ, ಇರುವ ಆರು ಅಂಕಿಗಳಲ್ಲೇ ಸಂಸಾರ ಶುರುವಾಯಿತು. ಹಾಲಿಗೆ 30 ಸೆಕೆಂಡಿನ ಬದಲು 33. ಹಪ್ಪಳಕ್ಕೆ 46. ಒಂದು ನಿಮಿಷವೆಂದರೆ ನಮ್ಮಲ್ಲಿ 61 ಸೆಕೆಂಡು. ಎರಡು ನಿಮಿಷಕ್ಕೆ 1 ನಿಮಿಷ 61 ಸೆಕೆಂಡು ಎಂದು ಕೊಟ್ಟರೂ ಆ ಪುಣ್ಯಾತ್ಮ ಯಂತ್ರ ತಕರಾರಿಲ್ಲದೆ ಒಪ್ಪುತ್ತಿತ್ತು. ನಾನೊಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಹೆಂಡತಿ ಅದರತ್ತ ನೋಡಲಿಲ್ಲ.

ಗಡಿಯಾರದ್ದೇ ಕಷ್ಟ. ಕರೆಂಟ್ ಹೋಗಿ ಬಂದಾಗಲೆಲ್ಲ ಒಲೆಯ ಮೇಲೆ ನಾಲ್ಕು ಸೊನ್ನೆ ಮಿಟುಕುತ್ತವೆ, ಸಮಯ ತುಂಬಿಸು ಎಂದು. ತುಂಬಿಸದಿದ್ದರೂ ಅಡುಗೆಗೇನೂ ಅಡ್ಡಿಯಿಲ್ಲ. ಆದರೆ ನಾನು ಒತ್ತಲಾಗದ ಅಂಕಿಯನ್ನೇ ಅದು ನಾಲ್ಕು ಸಲ ತೋರಿಸಿ ಕಣ್ಣು ಹೊಡೆಯುವುದನ್ನು ಸಹಿಸುವುದು ಹೇಗೆ? ಕೂತು ಲೆಕ್ಕ ಹಾಕಿದೆ. ಹನ್ನೆರಡು ಗಂಟೆಯ 720 ನಿಮಿಷಗಳಲ್ಲಿ, 2, 5, 8, 0 ಬಾರದಂತೆ ಬರೆಯಬಲ್ಲ ನಿಮಿಷಗಳು 126 ಮಾತ್ರ. ಉಳಿದ ಹೊತ್ತಿನಲ್ಲಿ ನಮ್ಮ ಒಲೆಗೆ ಕಾಲವೇ ಇಲ್ಲ.

ಆ ಶುಕ್ರವಾರ ಕರೆಂಟ್ ವಾಪಸು ಬಂದದ್ದು 9:52ಕ್ಕೆ. ಮೂರೇ ನಿಮಿಷ ಮೊದಲು ಬಂದಿದ್ದರೆ 9:49 ಎಂದು ಒತ್ತಿ ಮುಗಿಸಿಬಿಡುತ್ತಿದ್ದೆ. ಈಗ ಐವತ್ತರ ಸಾಲಿನಲ್ಲೆಲ್ಲ ಐದು. ಹತ್ತು ಗಂಟೆಗೆ ಪೂರ್ತಿ ಸೊನ್ನೆಯ ಸೂತಕ. ಹನ್ನೊಂದರ ಮೊದಲ ಹತ್ತು ನಿಮಿಷವೂ ಮೈಲಿಗೆಯೇ. ಮುಂದಿನ ಮುಹೂರ್ತ 11:11. ಸ್ಟೂಲ್ ಎಳೆದುಕೊಂಡು ಒಲೆಯ ಮುಂದೆ ಕೂತೆ.

“ಏನೋ ಅದು, ಒಲೆ ಮುಂದೆ ಜಪ?” ಎಂದಳು ಅಮ್ಮ.

“ಹನ್ನೊಂದು ಹನ್ನೊಂದಕ್ಕೆ ಗಡಿಯಾರ ಇಡ್ಬೇಕಮ್ಮ.”

“ಇವತ್ತು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ.”

ಒಲೆಗೆ ಎಲ್ಲಿಯ ರಾಹುಕಾಲ ಎಂದೆ. ಕೊಂಡಾಗ ಅರಿಶಿನ ಕುಂಕುಮ ಇಟ್ಟಿದ್ದು ಯಾಕೆ ಎಂದಳು. ಇದು ಹೊಸ ಕೆಲಸವಲ್ಲ, ಗಡಿಯಾರ ಮೊದಲೂ ನಡೆಯುತ್ತಿತ್ತು, ಮುಂದುವರಿಸುತ್ತಿದ್ದೇನೆ ಅಷ್ಟೇ ಎಂದು ವಕಾಲತ್ತು ಮಾಡಿದೆ. “ನಿಂತುಹೋದ ಮೇಲೆ ಮುಂದುವರಿಸೋದೆಲ್ಲಿ ಬಂತು? ಮೊದಲಿಂದಲೇ ಶುರು” ಎಂದು ತೀರ್ಪು ಬಂತು. ಮೇಲ್ಮನವಿಗೆ ಅವಕಾಶವಿರಲಿಲ್ಲ. 11:11 ನನ್ನ ಕಣ್ಣೆದುರೇ ಬಂದು ನಿಂತಿತು, ಅಷ್ಟು ಸುಂದರವಾದ ನಿಮಿಷ, ನಾಲ್ಕೂ ಒಂದೇ ಅಂಕಿ, ಎಲ್ಲ ಜೀವಂತ, ಮತ್ತು ಹೋಗಿಬಿಟ್ಟಿತು. 11:13, 11:14, 11:16 ಒಬ್ಬೊಬ್ಬರಾಗಿ ಬಂದು ಮುಖ ತೋರಿಸಿ ಹೋದರು. ರಾಹು ಇಳಿಯುವ ಹೊತ್ತಿಗೆ ಹನ್ನೆರಡು, ಅದರಲ್ಲಿ ಎರಡಿದೆ. ಹೆಂಡತಿ ಫೋನ್ ಮಾಡಿ, “ಊಟ ಆಯ್ತಾ?” ಎಂದಳು. “ಒಂದು ಹನ್ನೊಂದರ ಮೇಲೆ” ಎಂದೆ. ಆ ಕಡೆಯಿಂದ ಕೊಂಚ ಹೊತ್ತು ಮಾತಿರಲಿಲ್ಲ. 1:11ಕ್ಕೆ ಅಮ್ಮನ ಸಮ್ಮುಖದಲ್ಲಿ ಮೂರು ಸಲ ಒಂದನ್ನು ಒತ್ತಿದೆ. ಗಡಿಯಾರ ನಡೆಯಿತು. ಸಂಜೆ ನಾಲ್ಕಕ್ಕೆ ಕರೆಂಟ್ ಮತ್ತೆ ಹೋಯಿತು.

ಮರುದಿನ ಎಸ್.ಪಿ. ರೋಡಿಗೆ ಹೋದೆ. ಬಿಡಿಭಾಗಗಳ ಆ ಸಂದಿಯಲ್ಲಿ ನೆರೆತ ತಲೆಯ ಮೆಕ್ಯಾನಿಕ್ ಒಬ್ಬರು ನನ್ನ ಕಂಬಸಾಲಿನ ಕಥೆಯನ್ನು ಪೂರ್ತಿ ಕೇಳಿದರು! ಗೆರೆಗೆ ಹಚ್ಚುವ ಬೆಳ್ಳಿ ಪೇಂಟ್ ಕೊಡಿ, ನಾನೇ ಬಿಚ್ಚುತ್ತೇನೆ ಎಂದೆ. ಅವರು ಟೀ ಲೋಟ ಕೆಳಗಿಟ್ಟರು.

“ಪ್ಲಗ್ ಕಿತ್ತಿದೀನಿ ಅಂತ ಧೈರ್ಯ ಮಾಡ್ಬೇಡಿ ಸರ್. ಒಳಗೆ ಕೆಪಾಸಿಟರ್ ಇದೆ, ಎರಡು ಸಾವಿರ ವೋಲ್ಟ್ ಹಿಡ್ಕೊಂಡು ಸುಮ್ನೆ ಕೂತಿರುತ್ತೆ. ನಮ್ಮಂಗಡೀಲೇ ಕೆಲಸ ಕಲೀತಿದ್ದ ಹುಡುಗ, ಮದುವೆ ಗೊತ್ತಾಗಿತ್ತು...” ಎಂದವರು ಮಾತನ್ನು ಅಲ್ಲಿಗೇ ಬಿಟ್ಟು ಒಳಗೆ ಹೋದರು. ಜೇಬಿನಲ್ಲಿದ್ದ ನನ್ನ ಸ್ಕ್ರೂಡ್ರೈವರ್ ತೊಡೆಗೆ ಚುಚ್ಚುತ್ತಿತ್ತು.

ಭಾನುವಾರ ಅವರೇ ಮನೆಗೆ ಬಂದರು. ಕವಚ ತೆಗೆದು, ನನ್ನನ್ನು ಅಡುಗೆಮನೆಯ ಬಾಗಿಲಾಚೆ ನಿಲ್ಲಿಸಿ, ಮೊದಲು ಆ ಕೆಪಾಸಿಟರಿನ ಹುರುಪು ಇಳಿಸಿದರು. ಆಮೇಲೆ ಪಟ್ಟಿಕೇಬಲ್ ಕಳಚಿ ಮೀಟರ್ ಹಿಡಿದರು. “ನೀವಂದಿದ್ದು ಸರಿ ಸರ್, ಕಂಬಾನೇ ಕಡಿದಿದೆ, ಬುಡದಲ್ಲಿ.” ಈ ವಾಕ್ಯವನ್ನು ಹೆಂಡತಿ ಕೇಳಿಸಿಕೊಂಡಳೋ ಇಲ್ಲವೋ ಎಂಬ ಅನುಮಾನದಿಂದ ಇನ್ನೊಮ್ಮೆ ಹೇಳಿಸಿದೆ. ಒಂದು ತೊಟ್ಟು ಬೆಳ್ಳಿ ಪೇಂಟ್, ಒಣಗುವಷ್ಟರಲ್ಲಿ ಒಂದು ಕಾಫಿ. ಅವರು ತೆಗೆದುಕೊಂಡ ದುಡ್ಡು ಆ ಹುಡುಗನ ಬಿಲ್ಲಿಗಿಂತ ಕಡಿಮೆ.

ಅವರು ಹೋದ ಮೇಲೆ ಹಾಲಿನ ಲೋಟ ಒಳಗಿಟ್ಟು, ಎಲ್ಲರಿಗೂ ಕಾಣುವ ಹಾಗೆ ಮೂರು ಒತ್ತಿ ಸೊನ್ನೆ ಒತ್ತಿದೆ. ‘ಪೀಂಕ್’ ಎಂದಿತು. 30 ಸೆಕೆಂಡು ಮುಗಿಯಿತು. ಹೆಂಡತಿ ಒಂದು ಗುಟುಕು ಕುಡಿದು ಲೋಟವನ್ನು ನನ್ನ ಕೈಗೇ ಕೊಟ್ಟಳು.

“ಬಿಸಿ ಸಾಲ್ದುರೀ. ಇನ್ನೊಂದು ಮೂರು ಸೆಕೆಂಡ್ ಇಡಿ.”