‘ಮಸ್ತ್ ಅದ’ ಎಂಬ ತೀರ್ಪು

ಆಟ ಆಡುವವರ ಕೂಟ ಒಂದು ಬಗೆಯದಾದರೆ ಆಟ ಕಟ್ಟುವವರ ಕೂಟ ಇನ್ನೊಂದು ಬಗೆಯದು. ಮೊದಲನೆಯದರಲ್ಲಿ ಸೋಲು ಗೆಲುವಿನ ಜಗಳಗಳಿದ್ದರೂ ಅವು ಹೊತ್ತು ಮುಳುಗುವುದರೊಳಗೆ ಮುಗಿಯುತ್ತವೆ. ಎರಡನೆಯದರಲ್ಲಿ, ಎಂದರೆ ಫೋನಿನಲ್ಲಿ ಆಡುವ ಆಟವನ್ನೋ ಹೊಸ ಮಾದರಿಯ ಇಸ್ಪೀಟನ್ನೋ ಒಗಟುಗಳ ಸರಣಿಯನ್ನೋ ಸ್ವತಃ ರಚಿಸಿ ತರುವವರ ನಡುವೆ, ಜಗಳಕ್ಕೂ ಆಸ್ಪದವಿರುವುದಿಲ್ಲ, ಏಕೆಂದರೆ ಜಗಳವಾಡಬೇಕಾದರೂ ಒಬ್ಬರ ರಚನೆಯನ್ನು ಇನ್ನೊಬ್ಬರು ನೋಡಿರಬೇಕಾಗುತ್ತದೆ. ಇಂಥ ಕೂಟಗಳ ಜೀವಾಳ ಪರಸ್ಪರ ವಿಮರ್ಶೆ ಎಂದು ಎಲ್ಲರೂ ಒಪ್ಪುತ್ತಾರೆ. ಪರಸ್ಪರ ವಿಮರ್ಶೆಯೆಂದರೆ ಒಬ್ಬರು ಕಟ್ಟಿದ ಆಟವನ್ನು ಇನ್ನೊಬ್ಬರು ಕೊನೆಯವರೆಗೆ ಆಡಿ, ಎಲ್ಲಿ ರುಚಿಸಿತು, ಎಲ್ಲಿ ಸಿಕ್ಕಿಹಾಕಿಕೊಂಡೆವು, ಯಾವ ನಿಯಮ ತಲೆಗೆ ಹೋಗಲಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು. ಹತ್ತು ಮಂದಿಯ ಕೂಟದಲ್ಲಿ ಪ್ರತಿಯೊಬ್ಬನೂ ಉಳಿದ ಒಂಬತ್ತು ಜನರ ಅಭಿಪ್ರಾಯ ಬಯಸಿದರೆ ಒಟ್ಟು 90 ವಿಮರ್ಶೆಗಳು ಬೇಕಾಗುತ್ತವೆ ಎಂಬುದು ಸರಳ ಗಣಿತ. ಬಯಸುವವರು ಹತ್ತೂ ಮಂದಿ, ಬರೆಯುವವರು ಯಾರೂ ಇಲ್ಲ ಎಂಬುದು ಅದಕ್ಕಿಂತ ಸರಳವಾದ ಅನುಭವ. ಬೀದರ ಸೀಮೆಯಲ್ಲಿ ಈ ಕೊರತೆಯನ್ನು ‘ಮಸ್ತ್ ಅದ’ ಎಂಬ ಎರಡು ಪದಗಳ ತೀರ್ಪು ತುಂಬುತ್ತದೆ. ಆಟವನ್ನು ತೆರೆದು ನೋಡದೆಯೂ ಕೊಡಬಹುದಾದ ತೀರ್ಪು ಇದಾದ್ದರಿಂದ ಇದರ ಪೂರೈಕೆಗೆ ಎಂದೂ ಬರಗಾಲ ಬಂದಿಲ್ಲ.

ಒಬ್ಬರ ಕೃತಿಯನ್ನು ಇನ್ನೊಬ್ಬರು ಕಣ್ಣು ಬಿಟ್ಟು ನೋಡುವಂತೆ ಮಾಡುವುದು ಹೇಗೆ ಎಂಬ ಈ ಸಮಸ್ಯೆಯನ್ನು ಇದೇ ಸೀಮೆಯ ಬಸವಕಲ್ಯಾಣವು, ಎಂದರೆ ಅಂದಿನ ಕಲ್ಯಾಣವು, ಒಂಬೈನೂರು ವರ್ಷಗಳಷ್ಟು ಹಿಂದೆಯೇ ಎದುರಿಸಿತ್ತು. ಅದೂ ಒಂದು ಶತಮಾನದೊಳಗೆ ಎರಡು ಬೇರೆ ಬೇರೆ ವಿಧಾನಗಳಿಂದ.

ಮೊದಲನೆಯದು ಅರಮನೆಯ ವಿಧಾನ. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಕವಿ ಬಿಲ್ಹಣನಿಗೆ ದೊರೆಯು ‘ವಿದ್ಯಾಪತಿ’ ಎಂಬ ಪದವಿಯನ್ನಿತ್ತನು. ಬಿಲ್ಹಣನು ದೊರೆಯ ಮೇಲೆ ‘ವಿಕ್ರಮಾಂಕದೇವಚರಿತ’ ಎಂಬ ಸಂಸ್ಕೃತ ಮಹಾಕಾವ್ಯವನ್ನು ಬರೆದನು. ನಿನ್ನದಕ್ಕೆ ನನ್ನ ಲೈಕು, ನನ್ನದಕ್ಕೆ ನಿನ್ನ ಲೈಕು ಎಂಬ ಒಪ್ಪಂದವನ್ನು ಈ ಕಾಲದ ಹುಡುಗರು ಕಂಡುಹಿಡಿದರೆಂದು ದೂರುವ ಹಿರಿಯರು ಈ ಲೇವಾದೇವಿಯನ್ನು ಒಮ್ಮೆ ಗಮನಿಸುವುದು ಲೇಸು. ಹುಮನಾಬಾದಿನ ಬಳಿಯ ಜಲಸಂಗ್ವಿಯ ದೇವಾಲಯದ ಹೊರಗೋಡೆಯಲ್ಲಿ ಬಳುಕಿ ನಿಂತು ಅಕ್ಷರಗಳನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಕಲಾಪ್ರಿಯರು ದೂರದೂರದಿಂದ ಬಂದು ಆಕೆಯ ನಿಲುವನ್ನೂ ಬೆರಳುಗಳ ನಯವನ್ನೂ ಮೆಚ್ಚಿ ಹೋಗುತ್ತಾರಾದರೂ ಆಕೆ ಬರೆಯುತ್ತಿರುವುದು ಅದೇ ವಿಕ್ರಮಾದಿತ್ಯನ ಹೊಗಳಿಕೆಯನ್ನು. ಐದಕ್ಕೆ ಐದು ನಕ್ಷತ್ರ ಕೊಟ್ಟ ಅಭಿಪ್ರಾಯವು ಇಷ್ಟು ದೀರ್ಘಕಾಲ ಅಳಿಸಿಹೋಗದೆ ಉಳಿದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ಆದರೆ ಅರಮನೆಯ ನೆರಳಿನಲ್ಲಿಯೇ ಕುಳಿತ ಒಬ್ಬನು ಪರರ ಕೃತಿಯನ್ನು ನಿಜವಾಗಿ, ಅಕ್ಷರಾಕ್ಷರ ಬಿಡದೆ ಓದಿದನು. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನೇ ಆತ. ವ್ಯಾಖ್ಯಾನವೆಂದರೆ ಮೂಲದ ಪ್ರತಿ ಶ್ಲೋಕವನ್ನೂ ಬಿಡಿಸಿ, ಸಂದೇಹಗಳನ್ನೆತ್ತಿ, ಬೇರೆ ಶಾಸ್ತ್ರಕಾರರೊಡನೆ ತೂಗಿ, ತನ್ನ ನಿರ್ಣಯವನ್ನು ಕೊಡುವ ಬರಹ. ಈ ವಿಮರ್ಶೆ ಎಷ್ಟು ಬೆಳೆಯಿತೆಂದರೆ, ಬ್ರಿಟಿಷರ ಕಾಲದ ನ್ಯಾಯಾಲಯಗಳು ಬಂಗಾಳದ ಕಡೆಯನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಅವಿಭಕ್ತ ಕುಟುಂಬಗಳ ಆಸ್ತಿಯ ಪಾಲನ್ನು ಕಲ್ಯಾಣದ ಈ ಪಂಡಿತನ ಮಾತಿನಂತೆ ಹಂಚಿದವು. ಅಣ್ಣತಮ್ಮಂದಿರು ಬಾಯಿಮಾತಿಗೂ ಯಾಜ್ಞವಲ್ಕ್ಯನನ್ನು ನೆನೆಯದೆ ಮಿತಾಕ್ಷರಾ ಹೆಸರಿನಲ್ಲಿ ವ್ಯಾಜ್ಯ ಹೂಡಿದರು. ಇನ್ನೊಬ್ಬರ ಕೃತಿಯನ್ನು ಓದುವುದರಿಂದ ತನಗೇನು ಲಾಭ ಎಂದು ಕೇಳುವ ಆಟಗಾರನಿಗೆ ತೋರಿಸಲು ಇದಕ್ಕಿಂತ ದೊಡ್ಡ ಆಮಿಷವಿಲ್ಲ. ಗ್ರಂಥದ ಕೊನೆಯಲ್ಲಿ ವಿಜ್ಞಾನೇಶ್ವರನು ಕಲ್ಯಾಣದಂಥ ಪಟ್ಟಣವನ್ನೂ ವಿಕ್ರಮನಂಥ ರಾಜನನ್ನೂ ಸರಿಸಾಟಿಯಿಲ್ಲವೆಂದು ಕೊಂಡಾಡಿ, ಅದೇ ಉಸಿರಿನಲ್ಲಿ ತನ್ನ ಪಾಂಡಿತ್ಯಕ್ಕೂ ಸಾಟಿಯಿಲ್ಲವೆಂದು ಸೇರಿಸಿದ್ದಾನೆ. ಪರರನ್ನು ವಿಮರ್ಶಿಸಿ ದಣಿದವನು ಕೊನೆಗೆ ತನಗೂ ಒಂದಿಷ್ಟು ಅಂಕ ಹಾಕಿಕೊಂಡರೆ ತಪ್ಪೆಣಿಸಬಾರದು.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಆಟದ ವಿಷಯಕ್ಕೆ ಇನ್ನೂ ಹತ್ತಿರದವನು. ಆತ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಲ್ಲಿ ಹರಡಿದ್ದು, ಕೊನೆಯ ಭಾಗವಾದ ಕ್ರೀಡಾವಿಂಶತಿಯಲ್ಲಿ ಚದುರಂಗ, ಪಗಡೆ, ಕವಡೆಯಾಟಗಳ ಜೊತೆಗೆ ಪ್ರಹೇಲಿಕೆಗೂ, ಎಂದರೆ ಒಗಟಿಗೂ, ಸ್ಥಾನವಿದೆ. ದೊರೆಯೇ ಆಟದ ಪುಸ್ತಕ ಬರೆದು ದೊರೆಯೇ ಆಡಲು ಕುಳಿತ ಮೇಲೆ ಎದುರಾಳಿಯು ‘ಈ ನಿಯಮ ಸರಿಯಿಲ್ಲ, ಪ್ರಭು’ ಎಂದಿರುವ ಸಂಭವ ಕಡಿಮೆ. ಅರಮನೆಯ ವಿಧಾನದ ದೋಷ ಇರುವುದು ಇಲ್ಲಿಯೇ: ಬಹುಮಾನ ಕೊಡುವ ಕೈ ಒಂದೇ ಆದಾಗ ನೋಡುವ ಕಣ್ಣುಗಳೆಲ್ಲ ಆ ಕೈಯ ಕಡೆಗೇ ತಿರುಗಿರುತ್ತವೆ.

ಎರಡನೆಯ ವಿಧಾನವು 1160ರ ದಶಕದ ಕಲ್ಯಾಣದ್ದು, ವಚನಗಳನ್ನು ಕಟ್ಟಿದ ಶರಣರದ್ದು. ಅವರ ಕೂಟವಾದ ಅನುಭವ ಮಂಟಪವು ಕಂಬಗಳಿದ್ದ ಕಟ್ಟಡವಾಗಿತ್ತೋ ಮನೆಮನೆಯಲ್ಲಿ ಸೇರುತ್ತಿದ್ದ ಗೋಷ್ಠಿಯಾಗಿತ್ತೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಿರುವರಾದರೂ, ಅಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಒರೆಗೆ ಹಚ್ಚುತ್ತಿದ್ದರೆಂಬುದಕ್ಕೆ ವಚನಗಳೇ ಸಾಕ್ಷಿ. ಬೆಡಗಿನ ವಚನಗಳೆಂಬ ಒಗಟಿನಂಥ ರಚನೆಗಳಿಗಂತೂ, ಹೊರಗೆ ಒಂದರ್ಥ ತೋರಿ ಒಳಗೆ ಬೇರೆಯದನ್ನು ಅಡಗಿಸಿಡುವುದೇ ಅವುಗಳ ಸ್ವಭಾವವಾದ್ದರಿಂದ, ಬಿಡಿಸುವವರಿಲ್ಲದೆ ಗತಿಯೇ ಇಲ್ಲ. ಮುಂದೆ ಅವುಗಳಿಗೆ ಟೀಕೆ ಬರೆಯುವುದೇ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆಯಿತು.

ಈ ಕೂಟದ ವಿಮರ್ಶೆಯಲ್ಲಿ ಯಾರಿಗೂ ವಿನಾಯಿತಿಯಿರಲಿಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಹೆಸರಾಗಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಒಡ್ಡನೆಂದು ಕರೆದು ಮಾತಿಗೆಳೆದನು. ಅಕ್ಕಮಹಾದೇವಿಯ ವೈರಾಗ್ಯವನ್ನು ಆಕೆ ಹೊದ್ದಿದ್ದ ಕೇಶರಾಶಿಯಿಂದಲೇ ಆರಂಭಿಸಿ ಪ್ರಶ್ನಿಸಿದನು, ಅಕ್ಕ ಒಂದೊಂದಕ್ಕೂ ಉತ್ತರವಿತ್ತು ಸಭೆಯನ್ನು ತಲೆದೂಗಿಸಿದಳು. ಬಾಗಿಲಿಗೆ ಬಂದ ಅಲ್ಲಮನನ್ನು ಪೂಜೆಯಲ್ಲಿ ಮೈಮರೆತು ಎದುರುಗೊಳ್ಳದೆ ಹೋದ ಬಸವಣ್ಣನಿಗೆ ತಪ್ಪನ್ನು ಎತ್ತಿ ತೋರಿಸಿದವನು ಸೋದರಳಿಯನಾದ ಚೆನ್ನಬಸವಣ್ಣ. ಸೋದರಮಾವನೂ ಭಂಡಾರದ ಅಧಿಕಾರಿಯೂ ಆದವನಿಗೆ ವಯಸ್ಸಿನಲ್ಲಿ ಕಿರಿಯನೊಬ್ಬನು ಹೀಗೆ ಹೇಳಬಲ್ಲ ಸಂಸ್ಥೆ ಇಂದಿನ ಯಾವ ಕಚೇರಿಯಲ್ಲಿದೆಯೆಂದು ವಿಚಾರಿಸುವುದು ಬೇಡ. ಮುಂದೆ ಕೂಟದ ಪೀಠವೇರಿದ ಅಲ್ಲಮನೂ ಪಾರಾಗಲಿಲ್ಲ: ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನಿಗೆ ಆತ ಬೋಧಿಸಹೊರಟಾಗ, ಬೋಧಿಸುವವನಲ್ಲಿ ಇನ್ನೂ ಮಾತು ಉಳಿದಿದೆಯಲ್ಲ ಎಂದು ಆಕೆ ಅವನನ್ನೇ ಹಿಡಿದು ನಿಲ್ಲಿಸಿದಳು.

ಇಷ್ಟು ಮಂದಿಗೆ ಇಷ್ಟೊಂದು ಹುರುಪು ಎಲ್ಲಿಂದ ಬಂತು? ಅಂಕವಿರಲಿಲ್ಲ, ಬಿರುದಿರಲಿಲ್ಲ, ಮಾತನಾಡಿದ್ದಕ್ಕೆ ಹೆಚ್ಚಿನ ಪ್ರಸಾದವೂ ಇರಲಿಲ್ಲ. ಇದರ ಕೀಲು ಅಂಕಿತದಲ್ಲಿದೆ. ಅಂಕಿತವೆಂದರೆ ವಚನದ ಕೊನೆಗೆ ಬರುವ ಇಷ್ಟದೈವದ ಹೆಸರು, ಅದೇ ವಚನಕಾರರ ರುಜು. ಒಬ್ಬರ ಮಾತಿಗೆ ಆಕ್ಷೇಪವೆತ್ತಿದವರು ಆ ಆಕ್ಷೇಪವನ್ನೇ ಇನ್ನೊಂದು ವಚನವಾಗಿ ಕಟ್ಟಿ ತಮ್ಮ ಅಂಕಿತ ಹಾಕುತ್ತಿದ್ದುದರಿಂದ, ವಿಮರ್ಶೆಗೆ ತಗುಲಿದ ಹೊತ್ತು ಸ್ವಂತ ರಚನೆಯಿಂದ ಕದ್ದ ಹೊತ್ತಾಗುತ್ತಿರಲಿಲ್ಲ; ಮತ್ತೊಬ್ಬರನ್ನು ತಿದ್ದುತ್ತಲೇ ತಮ್ಮ ಲೆಕ್ಕಕ್ಕೂ ಒಂದು ವಚನ ಜಮೆಯಾಗುತ್ತಿತ್ತು. ಅಂಬಿಗರ ಚೌಡಯ್ಯನದು ಈ ವ್ಯವಸ್ಥೆಯ ತುತ್ತತುದಿ. ಕೂಟದಲ್ಲೆಲ್ಲ ಅತಿ ಖಾರದ ನಾಲಗೆಯುಳ್ಳ ಆತ ದೈವದ ಹೆಸರಿನ ಮರೆ ಹೋಗದೆ ತನ್ನ ಹೆಸರನ್ನೇ ಅಂಕಿತವಾಗಿಟ್ಟುಕೊಂಡನು. ಬೈದವರು ಯಾರೆಂದು ಹುಡುಕುವ ಶ್ರಮ ಬೈಸಿಕೊಂಡವರಿಗಿರಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ರೀತಿ ಇನ್ನೂ ಸೊಗಸಾದದ್ದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಗಂಡ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಈ ಆಸೆ ನಿಮಗೇಕೆ ಎಂದು ಕೇಳಿ ಹೆಚ್ಚಿನದನ್ನು ಹಿಂದಿರುಗಿಸಲು ಕಳುಹಿಸಿದ ಆಕೆಯ ಅಂಕಿತವು ‘ಮಾರಯ್ಯಪ್ರಿಯ ಅಮಲೇಶ್ವರಲಿಂಗ’ ಎಂದಿದೆ. ಗಂಡನನ್ನು ತರಾಟೆಗೆ ತೆಗೆದುಕೊಂಡ ಮಾತಿನ ಕೊನೆಗೂ ಗಂಡನ ಹೆಸರು ಪ್ರೀತಿಯಿಂದಲೇ ಬರುತ್ತದೆ.

ಈ ಸಂವಾದಗಳು ಇಂದು ದೊರೆಯುವ ರೂಪದಲ್ಲಿ ಜೋಡಣೆಯಾದದ್ದು ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’ಯಲ್ಲಿ ಎಂಬುದನ್ನು ಮರೆಯುವಂತಿಲ್ಲ. ಸಭೆಯ ನಡಾವಳಿಯನ್ನು ಇನ್ನೂರೈವತ್ತು ವರ್ಷ ತಡವಾಗಿ ಸಿದ್ಧಪಡಿಸಿದ ಶಿವಗಣಪ್ರಸಾದಿ ಮಹಾದೇವಯ್ಯನ ಮೇಲೆ ಯಾರೂ ಶಿಸ್ತುಕ್ರಮ ಕೈಗೊಳ್ಳಲಿಲ್ಲ. ಬದಲಾಗಿ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯರು ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸಿದರು. ಪರಸ್ಪರ ವಿಮರ್ಶೆಯ ವರದಿಯೇ ಪರಸ್ಪರ ವಿಮರ್ಶೆಗೆ ಒಳಗಾಯಿತು. ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪಕ್ಕೆ 770 ಅಮರಗಣಂಗಳ, ಎಂದರೆ ಶರಣರ, ನೆನಪಿಗೆ 770 ಕಂಬಗಳ ಯೋಜನೆಯಿದೆ. ಕಂಬಕ್ಕೊಬ್ಬರಂತೆ ಕುಳಿತು ಪ್ರತಿಯೊಬ್ಬರೂ ಉಳಿದೆಲ್ಲರ ಕೃತಿಯನ್ನು ವಿಮರ್ಶಿಸಬೇಕೆಂದರೆ 5,92,130 ವಿಮರ್ಶೆಗಳಾಗುತ್ತವೆ. ಈ ಅಂಕಿಯನ್ನು ಟೆಂಡರಿನಲ್ಲಿ ಸೇರಿಸದಿರುವುದು ಕ್ಷೇಮ.

ಹೊರಜಗತ್ತಿನ ಆಟಗಾರರು ಇದೇ ಕಷ್ಟಕ್ಕೆ ಯಂತ್ರದ ಮೊರೆ ಹೋಗಿದ್ದಾರೆ. 2002ರಲ್ಲಿ ಆರಂಭವಾದ ಲೂಡಮ್ ಡೇರ್ ಎಂಬ ಸ್ಪರ್ಧೆಯಲ್ಲಿ, ಕೊಟ್ಟ ವಿಷಯದ ಮೇಲೆ ಒಬ್ಬನೇ ಕುಳಿತು 48 ಗಂಟೆಗಳಲ್ಲಿ ಕಂಪ್ಯೂಟರ್ ಆಟವೊಂದನ್ನು ಕಟ್ಟಿದವನು ಮುಂದಿನ ವಾರಗಳಲ್ಲಿ ಇತರರ ಆಟಗಳನ್ನು ಆಡಿ ಅಂಕ ಹಾಕಬೇಕು. ಹಾಕಿದಷ್ಟೂ ಅವನ ಆಟ ಪಟ್ಟಿಯಲ್ಲಿ ಮೇಲೇರಿ ಇತರರ ಕಣ್ಣಿಗೆ ಬೀಳುತ್ತದೆ, ಕನಿಷ್ಠ 20 ಜನರ ಅಂಕ ಬೀಳದಿದ್ದರೆ ಆ ಆಟಕ್ಕೆ ಸ್ಥಾನವೇ ಇಲ್ಲ. ಕೊಟ್ಟವನಿಗೆ ಕೊಡುವ ಈ ಲೆಕ್ಕಾಚಾರ ಜಾಣತನದ್ದೇ. ಆದರೆ ರಂಗೋಲಿಯ ಕೆಳಗೆ ನುಸುಳುವುದನ್ನು ಬಲ್ಲವರು ಒಂದೇ ಸಂಜೆಯಲ್ಲಿ ಇಪ್ಪತ್ತು ಕಡೆ ಒಂದೇ ಹೊಗಳಿಕೆಯನ್ನು ಅಂಟಿಸಿ ಬರುವುದನ್ನು ಅದು ತಡೆಯಲಾರದು. ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟಗಳ ‘ಗೇಮ್ ಶೆಫ್’ ಸ್ಪರ್ಧೆಯವರು ಕೆಲವು ವರ್ಷ ಪ್ರತಿ ಸ್ಪರ್ಧಿಗೂ ಇತರರ ನಾಲ್ಕೇ ಆಟಗಳನ್ನು ವಹಿಸಿ, ಅವುಗಳನ್ನು ಓದಿ ಬರೆಯುವ ಹೊಣೆ ಹೊರಿಸಿದರು. ನಾಲ್ಕನ್ನು ಮನುಷ್ಯಮಾತ್ರನಾದವನು ನಿಜವಾಗಿ ಓದಬಲ್ಲನಾದ್ದರಿಂದ ಇದು ಕಲ್ಯಾಣಕ್ಕೆ ಹೆಚ್ಚು ಹತ್ತಿರದ್ದು.

ಹುಮನಾಬಾದಿನಲ್ಲಿ ಇನ್ನೊಂದು ಉಪಾಯವೂ ಕಾಣಸಿಗುತ್ತದೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು ಹುಮನಾಬಾದಿನ ಅಂಚಿನಲ್ಲಿ ನೆಲೆಗೊಳಿಸಿದ ಮಾಣಿಕನಗರದಲ್ಲಿ ದತ್ತಜಯಂತಿಯ ಹೊತ್ತಿಗೆ ದರ್ಬಾರು ನಡೆದು ಗಾಯಕರು ಸೇವೆ ಸಲ್ಲಿಸುತ್ತಾರೆ. ಸಂಗೀತದ ಇಂಥ ಸಭೆಗಳಲ್ಲಿ ಅಭಿಪ್ರಾಯವನ್ನು ನಾಳೆ ಬರೆದು ಕಳುಹಿಸುತ್ತೇನೆಂದು ಜಾರಿಕೊಳ್ಳಲಾಗುವುದಿಲ್ಲ. ತಾನ ಮುಗಿದ ಕ್ಷಣಕ್ಕೆ ‘ವಾಹ್’ ಹೊರಡಬೇಕು, ಹೊರಡದಿದ್ದರೆ ಆ ಮೌನವೇ ವಿಮರ್ಶೆ. ಎದುರಿಗೇ ಕೂರಿಸುವುದು ಯಾವ ಅಂಕಕ್ಕಿಂತಲೂ ಅಗ್ಗದ, ಪರಿಣಾಮಕಾರಿಯಾದ ಪ್ರೇರಣೆ ಎಂಬುದರಲ್ಲಿ ಅನುಮಾನವಿಲ್ಲ. ಬಿಟ್ಟ ಬಾಯಿ ಬಿಟ್ಟಂತೆ ಆಕಳಿಸುವ ಶ್ರೋತೃವನ್ನು ಕಂಡ ಗಾಯಕನಿಗೆ ಲಿಖಿತ ವರದಿಯ ಅಗತ್ಯ ಬೀಳದು.

ಇಷ್ಟೆಲ್ಲ ವ್ಯವಸ್ಥೆಗಳ ಆಚೆಗೆ, ಯಾವ ಪ್ರೇರಣೆಯನ್ನೂ ಬೇಡದೆ ದುಡಿಯುವ ಲಕ್ಕಮ್ಮನ ಪರಂಪರೆಯ ವಿಮರ್ಶಕರು ಎರಡೂ ಊರುಗಳ ಮನೆಮನೆಯಲ್ಲಿದ್ದಾರೆ. ಕೂಟದ ಗೆಳೆಯರಿಂದ ಹತ್ತು ಸಲ ಶಭಾಸು ಪಡೆದ ಆಟವನ್ನು ಅಣ್ಣನಾದವನು ಹೆಮ್ಮೆಯಿಂದ ತಂಗಿಯ ಕೈಗಿತ್ತಾಗ, ಆಕೆ ಎರಡು ನಿಮಿಷ ಆಡಿ, ‘ಅಣ್ಣಾ, ಇದ್ರಾಗ ಬರೀ ಸಾಯೋದೇ ಅದ, ಆಡೋದು ಎಲ್ಲದ?’ ಎಂದು ಕೇಳುತ್ತಾಳೆ. ಅಣ್ಣ ಅಂದೇ ರಾತ್ರಿ ಆಟವನ್ನು ಬಿಚ್ಚಿ ಮತ್ತೆ ಕಟ್ಟಲು ಸಿದ್ಧನಾಗುತ್ತಾನೆ, ಆದರೆ ಆಕೆ ಫೋನನ್ನು ಮರಳಿ ಕೊಡಲೊಲ್ಲಳು.