ತಲೆ ಜೋಡಿಸುವ ವಿಧಾನ: ಹೈಡ್ರಾ ಮಾದರಿ

ಬಳಸುವ ಮುನ್ನ ಪೂರ್ತಿ ಓದಿ. ಓದದಿದ್ದರೂ ನಡೆಯುತ್ತದೆ, ಹೈಡ್ರಾದ ವಂಶ ಸುಮಾರು 60 ಕೋಟಿ ವರ್ಷಗಳಿಂದ ಓದದೆಯೇ ಸಂಭಾಳಿಸಿಕೊಂಡು ಬಂದಿದೆ.

ಪೆಟ್ಟಿಗೆಯಲ್ಲಿ ಏನಿದೆ: ಕೊಳದ ನೀರಿನಲ್ಲಿ ಎಲೆಗೋ ಕಡ್ಡಿಗೋ ಅಂಟಿಕೊಂಡಿರುವ, ಸೆಂಟಿಮೀಟರಿನ ಆಸುಪಾಸಿನ ಒಂದು ಕೊಳವೆ. ಒಂದು ತುದಿಯಲ್ಲಿ ಬಾಯಿ, ಸುತ್ತ ದಾರದಂಥ ಕೈಗಳು. ಇನ್ನೊಂದು ತುದಿಯಲ್ಲಿ ಪಾದ. ಜೊತೆಗೆ ವಿಂಟ್ ಎಂಬ ಪ್ರೋಟೀನು. ಒಂದು ಜೀವಕೋಶ ಅದನ್ನು ಹೊರಗೆ ಬಿಡುತ್ತದೆ, ಪಕ್ಕದ್ದು ಹಿಡಿಯುತ್ತದೆ. ಹಿಡಿದ ಕೋಶದೊಳಗೆ ಬೀಟಾ-ಕ್ಯಾಟೆನಿನ್ ಎಂಬ ಇನ್ನೊಂದು ಪ್ರೋಟೀನು ಉಳಿದುಕೊಂಡು ಜೀನುಗಳನ್ನು ಎಬ್ಬಿಸುತ್ತದೆ. ವಿಂಟ್ ತಲುಪದ ಕೋಶದಲ್ಲಿ ಬೀಟಾ-ಕ್ಯಾಟೆನಿನ್ ಅನ್ನು ಹುಟ್ಟುತ್ತಲೇ ಒಡೆದುಹಾಕಲು ಪ್ರೋಟೀನುಗಳ ತಂಡವೊಂದು ಕಾದಿರುತ್ತದೆ. ತಲೆಯ ನಕ್ಷೆ ಮಾತ್ರ ಇಲ್ಲ. ಹುಡುಕಬೇಡಿ.

ತಲೆ ತೆಗೆಯಲು: ಕತ್ತರಿಸಿ. 1740ರ ದಶಕದಲ್ಲಿ ಹೇಗ್ ನಗರದ ಬಳಿ ಸಿರಿವಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಜಿನೀವಾದ ಅಬ್ರಹಾಂ ಟ್ರೆಂಬ್ಲೆ ಮಾಡಿದ್ದು ಇದನ್ನೇ. ಎರಡು ತುಂಡೂ ಪೂರ್ತಿ ಹೈಡ್ರಾಗಳಾದವು. ತಲೆಯನ್ನು ಉದ್ದುದ್ದಕ್ಕೆ ಸೀಳಿ ಏಳು ತಲೆಯದ್ದನ್ನೂ ಮಾಡಿಟ್ಟ.

ಹೆಚ್ಚುವರಿ ತಲೆ ಬೇಕಿದ್ದವರು ಬಾಯಿಯ ಬಳಿಯ ಚೂರೊಂದನ್ನು ಇನ್ನೊಂದು ಹೈಡ್ರಾದ ಪಕ್ಕೆಗೆ ಕಸಿ ಮಾಡತಕ್ಕದ್ದು. 1909ರಲ್ಲಿ ಎಥೆಲ್ ಬ್ರೌನ್ ಹಸಿರು ಹೈಡ್ರಾ, ಬಣ್ಣವಿಲ್ಲದ ಹೈಡ್ರಾ ಎರಡನ್ನೂ ಬಳಸಿದ್ದರಿಂದ ಯಾವ ಕೋಶ ಯಾರದ್ದೆಂದು ಕಣ್ಣಿಗೇ ಕಾಣುತ್ತಿತ್ತು. ಹೊಸ ತಲೆ ಹೊತ್ತು ಎದ್ದ ಮೈಯಲ್ಲಿ ಆತಿಥೇಯನ ಕೋಶಗಳೂ ಸೇರಿಕೊಂಡಿದ್ದವು. ಚೂರು ತಾನೊಂದೇ ಬೆಳೆದಿರಲಿಲ್ಲ, ನೆರೆಯವರಿಂದ ದುಡಿಸಿತ್ತು. ನ್ಯೂಟ್ ಎಂಬ ಉಭಯಚರದ ಭ್ರೂಣದಲ್ಲಿ ಇದನ್ನೇ ತೋರಿಸಿದ ಪ್ರಬಂಧ ಬಂದದ್ದು 1924ರಲ್ಲಿ. ಅದಕ್ಕಾಗಿ 1935ರ ನೊಬೆಲ್ ಸಿಕ್ಕಿದ್ದು ಬ್ರೌನ್‌ಗಲ್ಲ, ಹಾನ್ಸ್ ಸ್ಪೆಮಾನ್‌ಗೆ. ಈ ಬಗ್ಗೆ ಕೈಪಿಡಿಗೆ ಸಿಟ್ಟಿದೆ, ಜಾಗವಿಲ್ಲ.

ಎಲ್ಲ ಕಲಸಿಹೋದರೆ ಗಾಬರಿಯಾಗಬೇಡಿ. ಬಿಡಿಬಿಡಿಯಾದ ಕೋಶಗಳನ್ನು ಉಂಡೆ ಕಟ್ಟಿ ಬಿಡಿ. ಉಂಡೆಯ ಮೇಲೆ ಅಲ್ಲೊಂದು ಇಲ್ಲೊಂದು ಪುಟ್ಟ ಗುಂಪು ವಿಂಟ್ ಜೀನನ್ನು ಚಾಲೂ ಮಾಡುತ್ತದೆ. ತಲೆ ಏಳುವುದು ಅಲ್ಲೇ.

ಎಚ್ಚರಿಕೆ: ನೀರಿಗೆ ಆಲ್ಸ್ಟರ್‌ಪಾಲೋನ್ ಎಂಬ ರಾಸಾಯನಿಕ ಹಾಕಬೇಡಿ. ಅದು ಒಡೆಯುವ ತಂಡದ ಕೈ ಕಟ್ಟುತ್ತದೆ. ಕೆಲವೇ ದಿನಗಳಲ್ಲಿ ಮೈಯುದ್ದಕ್ಕೂ ಕೈಗಳು ಮೊಳೆಯುತ್ತವೆ. ನನ್ನನ್ನು ಕೇಳಿದರೆ ಪೆಟ್ಟಿಗೆಯಲ್ಲಿ ಬೆಲೆಬಾಳುವುದು ‘ಆಗಲಿ’ ಎನ್ನುವ ವಿಂಟ್ ಅಲ್ಲ, ‘ಸಾಕು’ ಎನ್ನುವ ಭಾಗಗಳು. ಅಂಥದೊಂದನ್ನು, ಎಸ್‌ಪಿ5 ಅನ್ನು, ಟ್ರೆಂಬ್ಲೆಯ ಊರಾದ ಜಿನೀವಾದಲ್ಲೇ ಗುರುತಿಸಿ 2019ರಲ್ಲಿ ಪ್ರಕಟಿಸಿದರು. ಅದನ್ನು ತಗ್ಗಿಸಿದರೆ ಕತ್ತರಿಯಿಲ್ಲದೆಯೇ ಹಲವು ತಲೆ.

ಬಿಡಿಭಾಗಗಳು ಸ್ಪಂಜಿನಲ್ಲೂ ಸಿಗುತ್ತವೆ. ಬೆನ್ನುಮೂಳೆಯವರ ವಿಂಟ್ ಕುಟುಂಬಗಳು 12. ಅವುಗಳಲ್ಲಿ 11 ಕಡಲಹೂವಿನಲ್ಲಿವೆ. ನಮ್ಮ ಹತ್ತಿರದ ಏಕಕೋಶಿ ನೆಂಟ ಕೊಯನೋಫ್ಲ್ಯಾಜೆಲೇಟ್‌ನ ಬಳಿ ಕೇಳಬೇಡಿ: ಪ್ರಾಣಿಗಳಲ್ಲಿ ಕೋಶಗಳನ್ನು ಅಂಟಿಸುವ ಕ್ಯಾಡ್‌ಹೆರಿನ್ ಜಾತಿಯ ಪ್ರೋಟೀನು ಅವನಲ್ಲುಂಟು, ವಿಂಟ್ ಇಲ್ಲ.

ದುರಸ್ತಿ: ಇದೇ ಸಾಮಾನು ನಿಮ್ಮ ದೊಡ್ಡ ಕರುಳಿನಲ್ಲೂ ಇದೆ. ಒಡೆಯುವ ತಂಡದ ಸದಸ್ಯ ಎಪಿಸಿ ಅಲ್ಲಿನ ಬಹುಪಾಲು ಕ್ಯಾನ್ಸರುಗಳಲ್ಲಿ ಕೆಟ್ಟಿರುತ್ತದೆ. ಅಲ್ಲಿ ಹೊಸ ಕೈ ಮೂಡುವುದಿಲ್ಲ, ಗಡ್ಡೆ ಬೆಳೆಯುತ್ತದೆ. ಅಂಥ ಸಂದರ್ಭದಲ್ಲಿ ಈ ಕೈಪಿಡಿಯನ್ನು ಬದಿಗಿಟ್ಟು ಡಾಕ್ಟರನ್ನು ಕಾಣತಕ್ಕದ್ದು.