ಪರದೇಶವಾಸ ನಿರ್ಣಯ ಅಥವಾ ಖಾಲಿ ಬಾಟಲಿ ಪ್ರಕರಣ

ಜರ್ಮನಿಗೆ ಓದಲು ಹೋದ ಕನ್ನಡಿಗ ವಿದ್ಯಾರ್ಥಿ ಅಲ್ಲಿ ನೆಲೆನಿಂತನೆಂದು ಯಾವಾಗ ಹೇಳಬೇಕು? ಪ್ರತಿ ಭಾನುವಾರದ ವೀಡಿಯೊ ಕಾಲಿನಲ್ಲಿ ಊರಿನ ದೊಡ್ಡಮ್ಮಂದಿರು ‘ಎಲ್ಲಾ ಸೆಟ್ ಆಯ್ತೇನೋ?’ ಎಂದು ಈ ಪ್ರಶ್ನೆ ಎತ್ತುತ್ತಲೇ ಇದ್ದಾರೆ. ವಿದ್ಯಾರ್ಥಿಗಳು ‘ಹ್ಞೂಂ, ಆಯ್ತು’ ಎಂದು ನುಣುಚಿಕೊಳ್ಳುವುದರಿಂದ ಶಾಸ್ತ್ರ ಬೆಳೆಯಲಿಲ್ಲ. ಲಕ್ಷಣ ಮತ್ತು ಪ್ರಮಾಣ ಎರಡೂ ಇಲ್ಲದೆ ವಸ್ತು ಸಿದ್ಧವಾಗದು ಎಂಬುದು ನಮ್ಮ ತಾರ್ಕಿಕರ ಮತ. ಆದ್ದರಿಂದ ಲಕ್ಷಣವನ್ನು ಮೊದಲೇ ಹೇಳಿಬಿಡುತ್ತೇವೆ: ಖಾಲಿ ಬಾಟಲಿ ಎಸೆಯಲು ಯಾರ ಕೈ ಏಳುವುದಿಲ್ಲವೋ ಅವನೇ ನೆಲೆನಿಂತವನು. ಮಿಕ್ಕದ್ದೆಲ್ಲ ವ್ಯಾಖ್ಯಾನ.

ಕಾಗದಪಕ್ಷದವರು ಇದನ್ನು ಒಪ್ಪುವುದಿಲ್ಲ. ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದವನೇ ನೆಲೆನಿಂತವನು ಎಂಬುದು ಅವರ ವಾದ. ಆದರೆ ಆ ಕಾಗದ ತಲೆ ಯಾವ ಊರಲ್ಲಿದೆ ಎಂದು ಹೇಳೀತೇ ಹೊರತು ತಲೆಯೊಳಗೆ ಯಾವ ಊರಿದೆ ಎಂದು ಹೇಳಲಾರದು. ವೀಸಾಕ್ಕೆಂದು ಮೊದಲೇ ಹಣ ತುಂಬಿಡುವ ಬ್ಲಾಕ್ಡ್ ಅಕೌಂಟ್ ಎಂಬ ಸಾಕ್ಷಿಯ ಗತಿಯೂ ಅಷ್ಟೇ. 2024ರಲ್ಲಿ ನಿಗದಿಯಾದಂತೆ ವರ್ಷಕ್ಕೆ 11,904 ಯೂರೊ ವಿದ್ಯಾರ್ಥಿಗಿಂತ ಮೊದಲೇ ಅಲ್ಲಿ ಹೋಗಿ ಕೂತಿರುತ್ತದೆ, ತಿಂಗಳಿಗೆ 992ರಂತೆ ಮಾತ್ರ ಹೊರಗೆ ಬರುತ್ತದೆ. ಇದರಿಂದ ಹಣ ನೆಲೆನಿಂತಿತೆಂದು ಸಿದ್ಧವಾಯಿತು. ಹುಡುಗನ ಮಾತು ಇನ್ನೂ ಬಾಕಿ. ಭಾಷಾಪಕ್ಷದವರು ಇವರಿಗಿಂತ ಗಟ್ಟಿಗರು. ಭಾಷೆ ಬಂದರೆ ನೆಲೆ ಬಂತು ಎನ್ನುತ್ತಾ ಕನ್ನಡ ಕಲಿತ ಜರ್ಮನ್ ಪಾದ್ರಿ ಕಿಟೆಲ್ ಸಾಹೇಬರನ್ನೇ ಮುಂದೆ ನಿಲ್ಲಿಸುತ್ತಾರೆ. ಕಿಟೆಲ್ ಕರ್ನಾಟಕಕ್ಕೆ ಬಂದದ್ದು 1853ರಲ್ಲಿ, ಅವರ ನಿಘಂಟು ಹೊರಬಂದದ್ದು 1894ರಲ್ಲಿ; ಅಂದರೆ 41 ವರ್ಷ. ಜರ್ಮನಿಯಲ್ಲಿ ಎಂಎಸ್ಸಿಗೆ ಸಿಗುವುದು ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರು; ಉಳಿದ 39 ವರ್ಷಕ್ಕೆ ವೀಸಾ ಕೊಡುವವರು ಯಾರು? ಮೇಲಾಗಿ, ಅಂಥ ನಿಘಂಟು ಬರೆದವರೂ ಕೊನೆಗೆ ಟ್ಯೂಬಿಂಗನ್ನಿಗೆ ಮರಳಿ 1903ರಲ್ಲಿ ಅಲ್ಲೇ ತೀರಿಕೊಂಡರು. ದೃಷ್ಟಾಂತವೇ ವಾದವನ್ನು ಬಿಟ್ಟು ಊರಿಗೆ ಹೊರಟುಹೋದ ಮೇಲೆ ಚರ್ಚೆ ಬೆಳೆಸುವುದು ಸಲ್ಲದು.

ಒಗ್ಗರಣೆ ಹಾಕಿದವನೇ ನೆಲೆನಿಂತವನು ಎಂಬ ಪಾಕಪಕ್ಷವೂ ಒಂದಿದೆ. ಹೊಗೆ ಇದ್ದಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ ಎಂದು ನೈಯಾಯಿಕರು ಶತಮಾನಗಳಿಂದ ಪಾಠ ಹೇಳಿದ್ದಾರೆ. ಅವರು ಜರ್ಮನಿಯ ಹಾಸ್ಟೆಲಿನ ಅಡುಗೆಮನೆಯನ್ನು ನೋಡಿರಲಿಲ್ಲ. ಅಲ್ಲಿರುವುದು ಕರೆಂಟಿನ ಒಲೆ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಕಮರಿದಾಗ ಹೊಗೆ ಏಳುತ್ತದೆ, ಬೆಂಕಿ ಮಾತ್ರ ಎಲ್ಲಿಯೂ ಇರುವುದಿಲ್ಲ. ಇದನ್ನರಿಯದ ಕಾರಿಡಾರಿನ ಹೊಗೆ ಅಲಾರಾಮು ಕಟ್ಟಾ ನೈಯಾಯಿಕನಂತೆ ಬೆಂಕಿಯನ್ನು ಅನುಮಾನಿಸಿ ಇಡೀ ಮಹಡಿಯನ್ನು ಬೀದಿಗಿಳಿಸುತ್ತದೆ. ಹೊಗೆಯಿಂದ ಬೆಂಕಿಯನ್ನೇ ಸಾಧಿಸಲಾಗದ ಅಡುಗೆಮನೆಯಿಂದ ನೆಲೆಯನ್ನು ಸಾಧಿಸುವುದು ಹೇಗೆ? ಒಗ್ಗರಣೆಯಿಂದ ತಿಳಿಯುವುದು ಇಷ್ಟೇ: ಹುಡುಗ ಇನ್ನೂ ಹಾಸನ ಬಿಟ್ಟಿಲ್ಲ.

ಇನ್ನು ಸಿದ್ಧಾಂತ. ಒಮ್ಮೆ ಬಳಸಿ ಬಿಡುವ ಬಾಟಲಿಯ ಮೇಲೆ ಜರ್ಮನಿಯಲ್ಲಿ 2003ರಿಂದ ಕಡ್ಡಾಯ ಠೇವಣಿಯಿದೆ, ಈಗ ಅದು 25 ಸೆಂಟ್; ಹೆಸರು ‘ಫಾಂಡ್’. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ತಿನ್ನಿಸಿದರೆ ಚೀಟಿ, ಚೀಟಿ ಕೌಂಟರಿಗೆ ಕೊಟ್ಟರೆ ಕಾಸು. ಅಗ್ಗದ ಅಂಗಡಿಗಳಲ್ಲಿ ಕೆಲವೊಮ್ಮೆ ಪುಟ್ಟ ಬಾಟಲಿಯೊಳಗಿನ ನೀರಿಗಿಂತ ಠೇವಣಿಯೇ ಹೆಚ್ಚು. ದೇಹವೇ ಸತ್ಯ, ಒಳಗಿನದು ಗೌಣ ಎಂಬ ಚಾರ್ವಾಕರಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗದು. ಸಾಧನೆಯ ಮೆಟ್ಟಿಲು ಮೂರು. ಮೊದಲನೆಯದರಲ್ಲಿ ವಿದ್ಯಾರ್ಥಿ, ಬಳಸಿದ ಮೇಲೆ ಹಿಸುಕಿ ಎಂದು ನಮ್ಮ ದೇಶದ ನೀರಿನ ಬಾಟಲಿಗಳ ಮೇಲೆ ಅಚ್ಚಾಗಿರುವ ವಿಧಿವಾಕ್ಯಕ್ಕೆ ವಿಧೇಯನಾಗಿ ಬಾಟಲಿಯನ್ನು ಹಿಸುಕುತ್ತಾನೆ. ಗುರುತು ಓದಲಾರದ ಯಂತ್ರ ಅದನ್ನು ಹಿಂದಕ್ಕೆ ಉಗುಳುತ್ತದೆ. ಎರಡನೆಯದರಲ್ಲಿ 25 ಸೆಂಟನ್ನು ರೂಪಾಯಿಗೆ ಗುಣಿಸಿ, ಹಿಸುಕಿದ್ದಕ್ಕೆ ಕೈ ಹಿಸುಕಿಕೊಳ್ಳುತ್ತಾನೆ. ಮೂರನೆಯದರಲ್ಲಿ ಗುಣಾಕಾರ ನಿಲ್ಲುತ್ತದೆ. ಬಾಗಿಲ ಹಿಂದೆ ಚೀಲವೊಂದು ತಾನಾಗಿ ಹುಟ್ಟಿಕೊಳ್ಳುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆಂದು ಯಾರೂ ನೆನಪಿಸದೆ ಶನಿವಾರವೇ ಅದು ಹೆಗಲೇರುತ್ತದೆ. ಇದೇ ಸಿದ್ಧಿ.

ಗುಜರಿಯವನಿಗೆ ‘ಹಳೇ ಪೇಪರ್, ಖಾಲಿ ಬಾಟ್ಲಿ’ ಮಾರಿ ಬೆಳೆದ ಮಕ್ಕಳಿಗೆ ಇದು ಯಾವ ಸಾಧನೆ ಎಂದು ಕೆಲವರು ಕೇಳಬಹುದು. ಗುಜರಿಯವನು ಮನೆಬಾಗಿಲಿಗೆ ಬರುತ್ತಾನೆ, ತಕ್ಕಡಿ ಹಿಡಿಯುತ್ತಾನೆ, ಚೌಕಾಸಿಗೆ ಬಗ್ಗುತ್ತಾನೆ. ಯಂತ್ರದೊಡನೆ ‘ಇನ್ನೆರಡು ಹಾಕಪ್ಪ’ ಎನ್ನಲಾಗದು. ಆದ್ದರಿಂದ ಆಕ್ಷೇಪ ನಿಲ್ಲದು. ನಿಜವಾದ ತೊಡಕು ಬೇರೆಯದು, ಅದು ಅತಿವ್ಯಾಪ್ತಿ ದೋಷ. ಖಾಲಿ ಬಾಟಲಿ ಎಸೆಯಲು ಕೈ ಏಳದಿರುವ ಈ ಲಕ್ಷಣ ಊರು ಬಿಟ್ಟು ಕದಲದ ವಿದ್ಯಾರ್ಥಿಯ ತಾಯಿಯಲ್ಲೂ ಕಾಣುತ್ತದೆ: ಆಕೆಯ ಫ್ರಿಜ್ಜಿನ ಬಾಗಿಲಲ್ಲಿ ಹಳೆಯ ತಂಪುಪಾನೀಯದ ಬಾಟಲಿಗಳು ನೀರು ತುಂಬಿಕೊಂಡು ಸಾಲಾಗಿ ನಿಂತಿವೆ, ಸಿಂಕಿನ ಕೆಳಗೆ ಇನ್ನಷ್ಟು ಕಾದಿವೆ, ಅವಕ್ಕೆ ಯಾವ ಸರ್ಕಾರವೂ ಠೇವಣಿ ಇಟ್ಟಿಲ್ಲ. ದೋಷ ಕಳೆಯಲು ‘ಪರದೇಶಸ್ಥತ್ವೇ ಸತಿ’, ಅಂದರೆ ‘ಪರದೇಶದಲ್ಲಿದ್ದುಕೊಂಡು’, ಎಂಬ ವಿಶೇಷಣ ಸೇರಿಸಬಹುದು; ನವ್ಯನ್ಯಾಯದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ವಿಶೇಷಣವನ್ನು ತೆಗೆದು ನೋಡಿದರೆ ಉಳಿಯುವ ತತ್ತ್ವವೇ ಹೆಚ್ಚು ಗಟ್ಟಿ: ಪರದೇಶದಲ್ಲಿ ನೆಲೆನಿಲ್ಲುವುದೆಂದರೆ ಅಲ್ಲಿಯವನಾಗುವುದಲ್ಲ, ಅಲ್ಲಿ ತನ್ನ ತಾಯಿಯೇ ಆಗಿಬಿಡುವುದು. ಇನ್ನು ಮುಂದೆ ‘ಎಲ್ಲಾ ಸೆಟ್ ಆಯ್ತೇನೋ?’ ಎಂದು ಕೇಳುವ ದೊಡ್ಡಮ್ಮಂದಿರು ಉತ್ತರಕ್ಕೆ ಕಾಯಬೇಕಿಲ್ಲ. ಫೋನನ್ನು ಸ್ವಲ್ಪ ಬಾಗಿಲ ಹಿಂದಕ್ಕೆ ತಿರುಗಿಸು ಎಂದರೆ ಸಾಕು.